ಡ್ರ್ಯಾಗ್ ಗಾಡಿಯ ಕ್ಲಚ್: ಆರಿಸುವುದು ಹೇಗೆ, ಹದಕ್ಕೆ ತರುವುದು ಹೇಗೆ

"ಅಣ್ಣಾ, ಎಂಜಿನ್ ಕೆಲಸ ಎಲ್ಲಾ ಮುಗೀತು. ಇನ್ನು ಗಟ್ಟಿ ಕ್ಲಚ್ ಒಂದು ಹಾಕಿಸ್ಬೇಕು, ಯಾವ್ದು ಹಾಕ್ಸೋದು?" ವಿರಾಜಪೇಟೆ, ಗೋಣಿಕೊಪ್ಪ, ಸಿದ್ದಾಪುರ ಕಡೆಯ ಹುಡುಗರು ವರ್ಷವಿಡೀ ಕೇಳುವುದು ಇದೊಂದೇ ಪ್ರಶ್ನೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿ ಬರೆದಿಡುತ್ತಿದ್ದೇನೆ.

ಪ್ರಶ್ನೆಯಲ್ಲಿರುವ 'ಗಟ್ಟಿ' ಅನ್ನುವ ಮಾತೇ ದಾರಿ ತಪ್ಪಿಸುವುದು. ಗದ್ದೆ ಕೊಯ್ಲಾದ ಮೇಲೆ ನಡೆಯುವ ಆಟೋಕ್ರಾಸ್‌ನಲ್ಲಿ ಪಳಗಿದವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಅಲ್ಲಿ ಮಣ್ಣಿನ ಮೇಲೆ ಟೈರೇ ಜಾರಿಬಿಡುತ್ತದೆ, ಕ್ಲಚ್ ಬಚಾವಾಗುತ್ತದೆ. ನಿಂತಲ್ಲಿಂದ ಹೊರಟು ನೇರ ದಾರಿಯಲ್ಲಿ ಯಾರು ಮೊದಲು ಮುಟ್ಟುತ್ತಾರೆ ಅನ್ನುವ ಡ್ರ್ಯಾಗ್ ರೇಸಿನಲ್ಲಿ ಹಾಗಲ್ಲ. ಎಂಜಿನ್ ನಿಮಿಷಕ್ಕೆ 5500 ಸುತ್ತಿನಲ್ಲಿ ಕೂಗುತ್ತಿರುತ್ತದೆ, ಚಕ್ರ ನಿಂತೇ ಇರುತ್ತದೆ. ಆ ಕ್ಷಣದಲ್ಲಿ ಯಾವುದಾದರೂ ಒಂದು ಜಾರಲೇಬೇಕು: ಟೈರ್, ಇಲ್ಲವೇ ಕ್ಲಚ್. ಎರಡೂ ಜಾರದಿದ್ದರೆ ಎಂಜಿನ್ ಮುಗ್ಗರಿಸುತ್ತದೆ, ಅಥವಾ ಆಕ್ಸಲ್ಲೋ ಗೇರೋ ಮುರಿಯುತ್ತದೆ. ಎಷ್ಟು ಹೊತ್ತು ಜಾರಬೇಕು, ಯಾವಾಗ ಕಚ್ಚಿ ಹಿಡಿಯಬೇಕು ಎಂದು ನೀವು ಮೊದಲೇ ತೀರ್ಮಾನ ಮಾಡಿಟ್ಟುಕೊಳ್ಳುವುದಕ್ಕೇ ಕ್ಲಚ್ ಹದ ಮಾಡುವುದು ಅನ್ನುವುದು.

ಇದು ನಾನು ಕೆಡಿಸಿಕೊಂಡೇ ಕಲಿತದ್ದು. ನನ್ನ ಹಳೆಯ ಮಾರುತಿ ಎಸ್ಟೀಮ್‌ಗೆ ಸಿಕ್ಕಿದ್ದರಲ್ಲೇ ಅತಿ ಬಿಗಿಯಾದ ಪ್ರೆಶರ್ ಪ್ಲೇಟ್, ಸ್ಪ್ರಿಂಗ್ ಇಲ್ಲದ ಆರು ಗುಂಡಿಯ ಪ್ಲೇಟ್ ಹಾಕಿಸಿ, ಸ್ನೇಹಿತನ ಮೆತ್ತನೆ ಟೈರ್ ಎರವಲು ತಂದು ಲೈನಿಗೆ ಹೋದೆ. ಎರಡನೇ ಲಾಂಚಿಗೆ, ಅಂದರೆ ಲೈನ್ ಬಿಟ್ಟು ಹೊರಡುವಾಗ, ಎಡಗಡೆ ಆಕ್ಸಲ್‌ನ ಸಿವಿ ಜಾಯಿಂಟ್ (ಬಾಗಿಕೊಂಡೇ ತಿರುಗುವ ಕೀಲು) ಒಡೆದು ಗುಂಡುಗಳು ಡಾಂಬರಿನ ಮೇಲೆ ಉರುಳಿದವು. ಕ್ಲಚ್ ಮಾತ್ರ ಹೊಸದರಂತೇ ಇತ್ತು.

ಶುರುವಿಗೆ ಮುಂಚೆ ಕೆಲವು ಹೆಸರು

ಎಂಜಿನ್ನಿನ ಕ್ರ್ಯಾಂಕಿಗೆ ಬೋಲ್ಟ್ ಆಗಿರುವ ಭಾರದ ಚಕ್ರವೇ ಫ್ಲೈವೀಲ್. ಅದಕ್ಕೆ ಬಿಗಿದ ಕವರ್ ಒಳಗೆ ಪ್ರೆಶರ್ ಪ್ಲೇಟ್ ಇರುತ್ತದೆ. ಇವೆರಡರ ನಡುವೆ, ಎರಡು ರೊಟ್ಟಿ ನಡುವಿನ ಪಲ್ಯದ ಹಾಗೆ, ಕ್ಲಚ್ ಪ್ಲೇಟ್. ಅದರ ಎರಡೂ ಮುಖಕ್ಕೆ ಅಂಟಿಸಿದ ಅಥವಾ ರಿವೆಟ್ ಹೊಡೆದ ಉಜ್ಜುವ ಪದಾರ್ಥಕ್ಕೆ ಫೇಸಿಂಗ್ ಅನ್ನುತ್ತೇವೆ. ನಮ್ಮ ಮೆಕ್ಯಾನಿಕ್‌ಗಳ ಬಾಯಲ್ಲಿ ಅದು ಲೈನಿಂಗ್. ಪೆಡಲ್ ಒತ್ತಿದಾಗ ರಿಲೀಸ್ ಬೇರಿಂಗ್ ಮುಂದೆ ಹೋಗಿ ಪ್ರೆಶರ್ ಪ್ಲೇಟಿನ ಬೆರಳುಗಳನ್ನು ತಳ್ಳುತ್ತದೆ, ಹಿಡಿತ ಸಡಿಲವಾಗುತ್ತದೆ. ಇಷ್ಟು ಗೊತ್ತಿದ್ದರೆ ಮುಂದಿನದು ಅರ್ಥವಾಗುತ್ತದೆ.

ಹಂತ 1: ಎಷ್ಟು ಹಿಡಿಯಬೇಕು, ಲೆಕ್ಕ ಹಾಕಿ

ಅಂಗಡಿಯವರು 'ಇಷ್ಟು ಹಾರ್ಸ್‌ಪವರ್ ತಡೆಯುತ್ತೆ' ಅಂತ ಹೇಳಿ ಮಾರುತ್ತಾರೆ. ಕ್ಲಚ್‌ಗೆ ಹಾರ್ಸ್‌ಪವರ್ ಗೊತ್ತಿಲ್ಲ, ಗೊತ್ತಿರುವುದು ಟಾರ್ಕ್ ಮಾತ್ರ. ಅಂದರೆ ತಿರುಚುವ ಬಲ. ನ್ಯೂಟನ್ ಮೀಟರ್ ಲೆಕ್ಕದಲ್ಲೇ ಕೇಳಿ. ಡೈನೋ, ಅಂದರೆ ಗಾಡಿಯ ಬಲ ಅಳೆಯುವ ಯಂತ್ರದ ಮೇಲೆ ಅಳೆಸಿದ್ದರೆ ಅಲ್ಲಿ ಬರುವುದು ಚಕ್ರಕ್ಕೆ ತಲುಪಿದ ಅಂಕಿ. ಗೇರ್‌ಬಾಕ್ಸ್‌ನಲ್ಲಿ ಕಳೆದುಹೋದದ್ದು ಅದರಲ್ಲಿ ಇರುವುದಿಲ್ಲ. ಕ್ಲಚ್ ತಡೆಯಬೇಕಾದದ್ದು ಕ್ರ್ಯಾಂಕಿನ ಟಾರ್ಕನ್ನು. ಇಲ್ಲಿ ಎಡವುವವರೇ ಹೆಚ್ಚು.

ಕ್ಲಚ್ ಹಿಡಿಯುವ ಟಾರ್ಕಿನ ಲೆಕ್ಕ ಸುಲಭ: ಉಜ್ಜುವ ಮುಖಗಳ ಸಂಖ್ಯೆ, ಘರ್ಷಣೆಯ ಅಂಕ, ಒತ್ತುವ ಬಲ, ಸರಾಸರಿ ತ್ರಿಜ್ಯ, ಈ ನಾಲ್ಕರ ಗುಣಲಬ್ಧ. ಒಂದೇ ಪ್ಲೇಟ್ ಇದ್ದರೆ ಮುಖ ಎರಡು. ಉದಾಹರಣೆಗೆ ಹೊರಗಿನ ವ್ಯಾಸ 228 ಮಿಲಿಮೀಟರ್, ಒಳಗಿನದು 150 ಇರುವ ಪ್ಲೇಟ್ ತಗೊಳ್ಳಿ. ಎರಡನ್ನೂ ಕೂಡಿಸಿ ನಾಲ್ಕರಿಂದ ಭಾಗಿಸಿದರೆ ಸರಾಸರಿ ತ್ರಿಜ್ಯ 94.5 ಮಿಲಿಮೀಟರ್. ಸಾಮಾನ್ಯ ಫೇಸಿಂಗ್‌ನ ಘರ್ಷಣೆ 0.3 ಅಂತಿಟ್ಟುಕೊಳ್ಳಿ, ಒತ್ತುವ ಬಲ 5000 ನ್ಯೂಟನ್. ಬರುವ ಉತ್ತರ ಸುಮಾರು 283 ನ್ಯೂಟನ್ ಮೀಟರ್.

ಈಗ ಹಳೆಯ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ನೋಡಿ. ಇಲ್ಲಿ ಬಂದ 1.8 ಟರ್ಬೊ ಕಂಪನಿಯಿಂದ ಬರುವಾಗಲೇ 210 ನ್ಯೂಟನ್ ಮೀಟರ್. ಟ್ಯೂನ್ ಮಾಡಿಸಿ 280ಕ್ಕೆ ಏರಿಸಿದಿರಿ ಅಂದುಕೊಳ್ಳೋಣ. ಮೇಲಿನ ಕ್ಲಚ್ ಕಾಗದದ ಮೇಲೆ ಸಾಕು. ಆದರೆ ಬಿಸಿಯಾದ ಫೇಸಿಂಗ್ ಹಿಡಿತ ಕಳೆದುಕೊಳ್ಳುತ್ತದೆ, ಸವೆದಾಗ ಒತ್ತುವ ಬಲವೂ ಬದಲಾಗುತ್ತದೆ. ಹಾಗಾಗಿ ಎಂಜಿನ್ ಟಾರ್ಕಿನ ಮೇಲೆ ನೂರಕ್ಕೆ 15ರಿಂದ 20 ಹೆಚ್ಚು ಇಟ್ಟುಕೊಳ್ಳುವುದು ನನ್ನ ರೂಢಿ. 280ಕ್ಕೆ 336 ಆಗುತ್ತದೆ. ಅದೇ ಪ್ಲೇಟಿಗೆ 6000 ನ್ಯೂಟನ್ ಒತ್ತುವ ಕವರ್ ಹಾಕಿದರೆ 340 ಬಂತು. ಅಷ್ಟೇ ಸಾಕು, 700ರದ್ದು ಬೇಡ.

ಯಾಕೆ ಬೇಡ ಅನ್ನುವುದೇ ಈ ಲೇಖನದ ತಿರುಳು, ಸ್ವಲ್ಪ ನಿಧಾನವಾಗಿ ಓದಿ. ಎಂಜಿನ್ ಕೊಡುವುದು 280, ಕ್ಲಚ್ ಎಳೆಯುವುದು 340. ಉಳಿದ 60 ಎಲ್ಲಿಂದ ಬರಬೇಕು? ತಿರುಗುತ್ತಿರುವ ಫ್ಲೈವೀಲ್, ಕ್ರ್ಯಾಂಕ್ ಕೂಡಿಟ್ಟುಕೊಂಡ ಓಟದಿಂದ. ಆ ಉಳಿತಾಯ ಖರ್ಚಾದ ಹಾಗೆ ಎಂಜಿನ್ ಸುತ್ತು ಇಳಿಯುತ್ತದೆ. ತಿರುಗುವ ಭಾಗಗಳ ಜಡತ್ವ 0.15 ಕಿಲೋಗ್ರಾಂ ಚದರ ಮೀಟರ್ ಇದ್ದರೆ, 5500ರಿಂದ 3000ಕ್ಕೆ ಇಳಿಯಲು ಸುಮಾರು 0.65 ಸೆಕೆಂಡ್ ಬೇಕು. ಅಷ್ಟರಲ್ಲಿ ಗಾಡಿ ಹೊರಟಿರುತ್ತದೆ. ಅದೇ ಗಾಡಿಗೆ 700 ಹಿಡಿಯುವ ಕ್ಲಚ್ ಹಾಕಿ ಪೆಡಲ್ ಪಟ್ಟನೆ ಬಿಟ್ಟರೆ ವ್ಯತ್ಯಾಸ 420. ಅದೇ ಇಳಿತ 0.1 ಸೆಕೆಂಡಿಗೂ ಮೊದಲೇ ಮುಗಿಯುತ್ತದೆ, ಗೇರ್‌ಬಾಕ್ಸ್‌ಗೆ ಬೀಳುವ ಪೆಟ್ಟು 280ರದ್ದಲ್ಲ, 700ರದ್ದು. ಮೊದಲ ಗೇರು ಮತ್ತು ಫೈನಲ್ ಡ್ರೈವ್ (ಆಕ್ಸಲ್ ತಿರುಗಿಸುವ ಕೊನೆಯ ಗೇರ್ ಜೋಡಿ) ಸೇರಿ ಅದನ್ನು 14 ಪಟ್ಟು ಮಾಡಿ ಆಕ್ಸಲ್‌ಗೆ ಕೊಡುತ್ತವೆ. ನನ್ನ ಎಸ್ಟೀಮ್‌ನ ಗುಂಡುಗಳು ಉರುಳಿದ್ದು ಹೀಗೆ.

ಹಂತ 2: ಟೈರ್ ಎಷ್ಟು ತಡೆಯುತ್ತದೆ ಅಂತಲೂ ನೋಡಿ

ನಮ್ಮಲ್ಲಿ ಡ್ರ್ಯಾಗ್‌ಗೆ ಬರುವ ಗಾಡಿಗಳಲ್ಲಿ ಬಹುಪಾಲು ಮುಂದಿನ ಚಕ್ರ ಎಳೆಯುವವು. ಹೊರಡುವಾಗ ಭಾರ ಹಿಂದಕ್ಕೆ ವಾಲುತ್ತದೆ, ಎಳೆಯುವ ಚಕ್ರವೇ ಹಗುರಾಗುತ್ತದೆ.

1100 ಕೆಜಿ ಗಾಡಿಯಲ್ಲಿ ಮುಂದೆ 660 ಕೆಜಿ, ಟೈರ್ ತ್ರಿಜ್ಯ 29 ಸೆಂಟಿಮೀಟರ್, ರಸ್ತೆ ಟೈರಿನ ಹಿಡಿತ 1 ಅಂತ ಉದಾರವಾಗಿಯೇ ಇಟ್ಟುಕೊಂಡರೂ ಎರಡು ಚಕ್ರ ಸೇರಿ ತಡೆಯುವುದು ಸುಮಾರು 1880 ನ್ಯೂಟನ್ ಮೀಟರ್. 14ರಿಂದ ಭಾಗಿಸಿ. ಮೊದಲ ಗೇರ್‌ನಲ್ಲಿ ಕ್ಲಚ್ ಮೂಲಕ 135ಕ್ಕಿಂತ ಹೆಚ್ಚು ಹೋದರೆ ಟೈರ್ ಸುಮ್ಮನೆ ತಿರುಗುತ್ತದೆ! ಅಂದರೆ 280ರ ಎಂಜಿನ್ ಇದ್ದರೂ ರಸ್ತೆ ಟೈರಿನಲ್ಲಿ ಲೈನ್ ಬಿಡುವಾಗ ಅದರ ಅರ್ಧ ಕೂಡ ಕೆಲಸಕ್ಕೆ ಬರುವುದಿಲ್ಲ. ಕ್ಲಚ್ಚಿನ ಪೂರ್ತಿ ಹಿಡಿತ ಬೇಕಾಗುವುದು ಮುಂದಿನ ಗೇರ್‌ಗಳಲ್ಲಿ.

ಹೀಗಾಗಿ ಮುಂದಿನ ಚಕ್ರದ ಗಾಡಿಗೆ ಬೇಕಾದದ್ದು ಮೇಲಿನ ಗೇರ್‌ನಲ್ಲಿ ಜಾರದಷ್ಟು ಹಿಡಿತ, ಕೆಳಗೆ ಪಾದದಿಂದ ಅಳೆದು ಬಿಡುವಷ್ಟು ನಯ. ಸಿಕ್ಸ್ ಪಕ್, ಅಂದರೆ ಆರು ಗುಂಡಿಯ ಪ್ಲೇಟ್ ಹಾಕಿಸಿಕೊಂಡು ಬಂದು 'ಲಾಂಚೇ ಆಗ್ತಿಲ್ಲ ಅಣ್ಣಾ' ಅನ್ನುವವರ ಸಮಸ್ಯೆ ಇದೇ. ಹಿಂದಿನ ಚಕ್ರದ ಗಾಡಿ, ಗೆರೆಯಿಲ್ಲದ ಸ್ಲಿಕ್ ಟೈರ್ ಇರುವವರು ಇದೇ ಲೆಕ್ಕವನ್ನು ತಮ್ಮ ಅಂಕಿ ಹಾಕಿ ಮಾಡಿಕೊಳ್ಳಲಿ, ಉತ್ತರ ಬೇರೆ ಬರುತ್ತದೆ.

ಹಂತ 3: ಫೇಸಿಂಗ್ ಆರಿಸಿ

ಆರ್ಗ್ಯಾನಿಕ್: ಕಂಪನಿ ಗಾಡಿಗಳಲ್ಲಿ ಬರುವುದು. ನಯವಾಗಿ ಕಚ್ಚುತ್ತದೆ. ಬಿಸಿ ಹೆಚ್ಚಾದರೆ ಹಿಡಿತ ಬಿಡುತ್ತದೆ, ಸುಟ್ಟ ವಾಸನೆ ಬರುತ್ತದೆ. ಬಿಗಿ ಕವರ್ ಜೊತೆ ಒಳ್ಳೆಯ ಆರ್ಗ್ಯಾನಿಕ್ ಪ್ಲೇಟ್ ಇದ್ದರೆ 250–300 ನ್ಯೂಟನ್ ಮೀಟರ್ ತನಕದ, ವಾರವೆಲ್ಲ ಮನೆಗೆ ಓಡುವ ಗಾಡಿಗೆ ನನ್ನ ಮೊದಲ ಆಯ್ಕೆ ಇದೇ.

ಕೆವ್ಲಾರ್: ಇನ್ನೂ ನಯ, ಬಾಳಿಕೆ ಹೆಚ್ಚು. ಆದರೆ ಪಳಗಲು ತುಂಬ ಕಿಲೋಮೀಟರ್ ಬೇಕು, ಒಮ್ಮೆ ಅತಿಯಾಗಿ ಬಿಸಿಯಾಗಿ ಹೊಳಪು ಬಂತೆಂದರೆ ಮತ್ತೆ ಮೊದಲಿನಂತೆ ಆಗುವುದಿಲ್ಲ. ತಾಳ್ಮೆ ಇಲ್ಲದವರಿಗೆ ಹೇಳಿದ್ದಲ್ಲ.

ಸೆರಾಮಿಕ್ ಗುಂಡಿ: ಇದೇ ಪಕ್ ಪ್ಲೇಟ್. ಬಿಸಿ ಚೆನ್ನಾಗಿ ತಡೆಯುತ್ತದೆ, ಘರ್ಷಣೆಯೂ ಹೆಚ್ಚು. ಆದರೆ ಹಿಡಿದರೆ ಹಿಡಿಯಿತು, ಬಿಟ್ಟರೆ ಬಿಟ್ಟಿತು, ನಡುವೆ ಏನೂ ಇಲ್ಲ. ಸಂಪಾಜೆ ಘಾಟಿಯಲ್ಲಿ ಲಾರಿ ಹಿಂದೆ ಸಿಕ್ಕಿಹಾಕಿಕೊಂಡಾಗ ಗಾಡಿ ಕುದುರೆ ಹಾಗೆ ಕುಪ್ಪಳಿಸುತ್ತದೆ. ಪ್ಲೇಟ್ ಹಗುರ ಇರುವುದರಿಂದ ಗೇರ್ ಬೇಗ ಬೀಳುತ್ತದೆ, ಅದು ನಿಜವಾದ ಲಾಭ.

ಸಿಂಟರ್ಡ್ ಕಬ್ಬಿಣ: ಪೂರ್ತಿ ರೇಸ್ ಗಾಡಿಗೆ, ಬೇಕೆಂದೇ ಜಾರಿಸುವ ಕ್ಲಚ್‌ಗೆ. ರಸ್ತೆ ಗಾಡಿಗೆ ಮರೆತುಬಿಡಿ.

ಒಂದು ತಪ್ಪು ತಿಳಿವಳಿಕೆ ಇದೆ, ಫೇಸಿಂಗ್ ಅಗಲ ಹೆಚ್ಚಾದರೆ ಹಿಡಿತ ಹೆಚ್ಚು ಅಂತ. ಹಂತ 1ರ ಲೆಕ್ಕದಲ್ಲಿ ಅಗಲಕ್ಕೆ ಜಾಗವೇ ಇಲ್ಲ, ಗಮನಿಸಿದಿರಾ? ಅಗಲ ಇದ್ದರೆ ಬಿಸಿ ಹಂಚಿಹೋಗುತ್ತದೆ, ಸವೆತ ಕಡಿಮೆ. ಹಿಡಿತ ಬರುವುದು ಒತ್ತಡ, ಘರ್ಷಣೆ, ತ್ರಿಜ್ಯ, ಮುಖಗಳ ಸಂಖ್ಯೆಯಿಂದ. ಟ್ವಿನ್ ಪ್ಲೇಟ್‌ನಲ್ಲಿ ಮುಖ ನಾಲ್ಕಾಗುತ್ತದೆ. ಅದೇ ಒತ್ತಡಕ್ಕೆ ಎರಡು ಪಟ್ಟು ಹಿಡಿತ, ಪೆಡಲ್ ಕೂಡ ಕಾಲು ಮುರಿಯುವಷ್ಟು ಬಿಗಿ ಇರುವುದಿಲ್ಲ. ದುಬಾರಿ, ಆದರೆ 400 ದಾಟಿದ ಗಾಡಿಗೆ ಅದೇ ಸರಿ.

ಎಚ್ಚರಿಕೆ: ನಮ್ಮೂರಲ್ಲಿ ಟ್ರ್ಯಾಕ್ಟರ್, ಟಿಲ್ಲರ್ ಪ್ಲೇಟ್‌ಗೆ ಹೊಸ ಲೈನಿಂಗ್ ಹೊಡೆದುಕೊಡುವವರಿದ್ದಾರೆ. ತೋಟದ ಕೆಲಸಕ್ಕೆ ಅದು ಬೇಕಾದಷ್ಟಾಯಿತು. ಆದರೆ ಟ್ರ್ಯಾಕ್ಟರ್ ಎಂಜಿನ್ ತಿರುಗುವುದು 2100ರ ಆಸುಪಾಸು, ನಿಮ್ಮದು 7000. ಹೊರಕ್ಕೆ ಚಿಮ್ಮುವ ಬಲ ಸುತ್ತಿನ ವರ್ಗದಂತೆ ಏರುತ್ತದೆ, ಅಂದರೆ ಸುಮಾರು 11 ಪಟ್ಟು. ರಿವೆಟ್ ಹೊಡೆದ ರೀಲೈನ್ ಪ್ಲೇಟ್ ಡ್ರ್ಯಾಗ್ ಗಾಡಿಗೆ ಯಾವತ್ತೂ ಹಾಕಬೇಡಿ. ಸಿಡಿದರೆ ಅದು ಬರುವುದು ನಿಮ್ಮ ಪಾದದ ಕಡೆಗೆ.

ಹಂತ 4: ಹಬ್ ಮತ್ತು ಫ್ಲೈವೀಲ್

ಪ್ಲೇಟಿನ ನಡುವೆ ನಾಲ್ಕೋ ಆರೋ ಸ್ಪ್ರಿಂಗ್ ಇದ್ದರೆ ಅದು ಸ್ಪ್ರಂಗ್ ಹಬ್. ಪೆಟ್ಟನ್ನು ನುಂಗಿಕೊಂಡು ಗೇರ್‌ಬಾಕ್ಸ್‌ಗೆ ಕೊಡುತ್ತದೆ. ಕಂಪನಿ ಗೇರ್‌ಬಾಕ್ಸ್ ಇರುವ ತನಕ ಸ್ಪ್ರಿಂಗ್ ಇರುವುದನ್ನೇ ಹಾಕಿ. ಎರಡು ಫೇಸಿಂಗ್‌ಗಳ ನಡುವೆ ಅಲೆ ಅಲೆಯಾದ ತೆಳು ತಗಡು ಇರುತ್ತದಲ್ಲ, ಅದಕ್ಕೆ ಮಾರ್ಸೆಲ್ ಅನ್ನುತ್ತಾರೆ. ಪೆಡಲ್ ಬಿಡುವಾಗ ಹಿಡಿತ ಮೆಲ್ಲನೆ ಏರುವುದು ಅದರಿಂದಲೇ. ಪಕ್ಕದಿಂದ ನೋಡಿದರೆ ಕಾಣುತ್ತದೆ, ಕೊಳ್ಳುವಾಗ ನೋಡಿ.

ಫ್ಲೈವೀಲ್ ಹಗುರ ಮಾಡಿಸುವುದು ನಮ್ಮಲ್ಲೊಂದು ಖಯಾಲಿ. ಹಗುರಾದರೆ ಸುತ್ತು ಬೇಗ ಏರುತ್ತದೆ, ಸರಿ. ಆದರೆ ಲಾಂಚಿಗೆ ಬೇಕಾದ ಉಳಿತಾಯ ಇರುವುದೂ ಅದರಲ್ಲೇ. 110–115 ನ್ಯೂಟನ್ ಮೀಟರ್‌ನ ಸಣ್ಣ ಎಂಜಿನ್ನಿಗೆ ತೀರಾ ಹಗುರ ಮಾಡಿದರೆ ಲೈನ್ ಬಿಡುವಾಗ ಎಂಜಿನ್ ಉಸಿರುಗಟ್ಟುತ್ತದೆ. ಸಣ್ಣ ಎಂಜಿನ್‌ಗೆ ಕಂಪನಿ ತೂಕದ ಹತ್ತಿರವೇ ಇರಲಿ ಅನ್ನುವುದು ನನ್ನ ಅಭಿಪ್ರಾಯ. ಬೇರೆಯವರು ಬೇರೆ ಹೇಳುತ್ತಾರೆ, ಅವರ 60 ಅಡಿ ಟೈಮ್ (ಮೊದಲ 60 ಅಡಿ ದಾಟಲು ಹಿಡಿದ ಸಮಯ) ಕೇಳಿ ನೋಡಿ.

ಕಂಪನಿಯ ಎರಕದ ಫ್ಲೈವೀಲನ್ನು ಊರಿನ ಲೇತ್‌ನಲ್ಲಿ ಕೊರೆಸಿ ಹಗುರ ಮಾಡಿಸುವುದಂತೂ ಬೇಡವೇ ಬೇಡ. ಎರಕದ ಕಬ್ಬಿಣ ಹೆಚ್ಚು ಸುತ್ತಿಗೆ ಬಿರುಕು ಬಿಟ್ಟು ಸಿಡಿದರೆ ಬೆಲ್‌ಹೌಸಿಂಗ್, ಅಂದರೆ ಕ್ಲಚ್ ಕೂತಿರುವ ಗೂಡು, ತಡೆಯುವುದಿಲ್ಲ. ಬೇಕಿದ್ದರೆ ಉಕ್ಕಿನದ್ದೇ ಕೊಳ್ಳಿ. ರೇಸ್ ಭಾಗಗಳ ಸುರಕ್ಷತೆಗೆ ಗುಣಮಟ್ಟ ಗೊತ್ತುಮಾಡುವ ಎಸ್‌ಎಫ್‌ಐ ಸಂಸ್ಥೆಯ 1.1 ಎಂಬ ಮುದ್ರೆ ಒಂದೇ ಪ್ಲೇಟಿನ ಫ್ಲೈವೀಲ್ ಮತ್ತು ಕ್ಲಚ್‌ಗೆ, 1.2 ಹಲವು ಪ್ಲೇಟಿನದಕ್ಕೆ, 6.1 ಸಿಡಿತ ತಡೆಯುವ ಬೆಲ್‌ಹೌಸಿಂಗ್‌ಗೆ. ಗಾಡಿ ನಿಜಕ್ಕೂ ಜೋರಾಗುತ್ತಿದ್ದ ಹಾಗೆ ಈ ಮುದ್ರೆಗಳನ್ನು ಹುಡುಕಿ.

ಹಲವು ಡೀಸೆಲ್ ಗಾಡಿಗಳಲ್ಲಿ, ಕೆಲವು ಟರ್ಬೊ ಪೆಟ್ರೋಲ್‌ಗಳಲ್ಲಿ ಎರಡು ತುಂಡಿನ ಡ್ಯುಯಲ್ ಮಾಸ್ ಫ್ಲೈವೀಲ್ ಇರುತ್ತದೆ. ಅದನ್ನು ತೆಗೆದು ಒಂಟಿ ತುಂಡಿನದು ಹಾಕಿದರೆ ನ್ಯೂಟ್ರಲ್‌ನಲ್ಲಿ ಗೇರ್‌ಬಾಕ್ಸ್ ಗಲಗಲ ಅನ್ನುತ್ತದೆ. ಅದು ಕೆಟ್ಟದ್ದಲ್ಲ, ಗಾಬರಿಯಾಗಬೇಡಿ. ಆದರೆ ಆಗ ಪ್ಲೇಟ್‌ನಲ್ಲಿ ಸ್ಪ್ರಿಂಗ್ ಇರಲೇಬೇಕು.

ಹಂತ 5: ಕೂರಿಸುವಾಗ

ಗೇರ್‌ಬಾಕ್ಸ್ ಇಳಿಸಿದ ಮೇಲೆ ಮೊದಲು ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್ ನೋಡಿ. ಒಂದು ಹನಿ ಆಯಿಲ್ ಇಣುಕಿದರೂ ಬದಲಿಸಿ. ಸೀಲ್‌ನ ದುಡ್ಡು ಉಳಿಸಲು ಹೋಗಿ ಕ್ಲಚ್ ಕಳೆದುಕೊಂಡವರನ್ನು ನೋಡಿದ್ದೇನೆ.

ಫ್ಲೈವೀಲ್ ಮುಖ ಸಮ ಇದೆಯೇ ಎಂದು ಡಯಲ್ ಗೇಜ್ ಇಟ್ಟು ತಿರುಗಿಸಿ ನೋಡಿ. 0.1 ಮಿಲಿಮೀಟರ್ ಒಳಗೆ ಇದ್ದರೆ ನಾನು ಒಪ್ಪುತ್ತೇನೆ. ನಿಮ್ಮ ಗಾಡಿಯ ಮ್ಯಾನುಯಲ್ ಬೇರೆ ಹೇಳಿದರೆ ಅದೇ ಅಂತಿಮ. ಮುಖ ಉಜ್ಜಿಸುವಾಗ, ಕವರ್ ಬೋಲ್ಟ್ ಆಗುವ ಜಾಗ ಮುಖಕ್ಕಿಂತ ಎತ್ತರವೋ ತಗ್ಗೋ ಇರುವ ಮೆಟ್ಟಿಲು ಫ್ಲೈವೀಲ್ ಆದರೆ ಆ ಮೆಟ್ಟಿಲನ್ನೂ ಅಷ್ಟೇ ಇಳಿಸಬೇಕು. ಮುಖ ಮಾತ್ರ ಉಜ್ಜಿ ಕಳಿಸಿದರೆ ಒತ್ತುವ ಬಲವೇ ಬದಲಾಗುತ್ತದೆ, ಹೊಸ ಕ್ಲಚ್ ಮೊದಲ ದಿನದಿಂದಲೇ ಜಾರುತ್ತದೆ. ಲೇತ್‌ನವರಿಗೆ ಇದನ್ನು ನೀವೇ ಹೇಳಿ, ಅವರಾಗಿ ಕೇಳುವುದಿಲ್ಲ.

ಪ್ಲೇಟಿನ ಮೇಲೆ 'ಫ್ಲೈವೀಲ್ ಕಡೆ' ಎಂದು ಗುರುತು ಇರುತ್ತದೆ, ತಿರುಗಾಮುರುಗಾ ಮಾಡಬೇಡಿ. ಡಮ್ಮಿ ಶಾಫ್ಟ್ ಹಾಕಿ ನಡುವೆ ಕೂರಿಸಿ, ಕವರ್ ಬೋಲ್ಟ್‌ಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ ಬಂದು ಕೊನೆಗೆ ಟಾರ್ಕ್ ರೆಂಚ್. ಗೇರ್‌ಬಾಕ್ಸ್‌ನ ಇನ್‌ಪುಟ್ ಶಾಫ್ಟ್‌ನ ಹಲ್ಲುಗಳಿಗೆ ಗ್ರೀಸ್ ಕಾಡಿಗೆ ಹಚ್ಚಿದಷ್ಟು ಸಾಕು, ಉಳಿದದ್ದು ಚಿಮ್ಮಿ ಫೇಸಿಂಗ್ ಮೇಲೆ ಕೂರುತ್ತದೆ. ಮುಖಗಳನ್ನು ಬ್ರೇಕ್ ಕ್ಲೀನರ್‌ನಿಂದ ಒರೆಸಿ, ಆಮೇಲೆ ಬೆರಳು ತಾಗಿಸಬೇಡಿ. ರಿಲೀಸ್ ಬೇರಿಂಗ್ ಹೊಸದು ಹಾಕಿ, ಹಳೆಯದು 'ಇನ್ನೂ ಓಡುತ್ತೆ' ಅಂದರೂ.

ಗಾಡಿ ಸೇರಿಸಿದ ಮೇಲೆ ಪೆಡಲ್. ಕೇಬಲ್ ಇರುವ ಹಳೆಯ ಮಾರುತಿಗಳಲ್ಲಿ ಮೇಲ್ಭಾಗದ ಸಡಿಲ ಒಂದೆರಡು ಸೆಂಟಿಮೀಟರ್ ಇರಲಿ. ಸಡಿಲವೇ ಇಲ್ಲದಿದ್ದರೆ ಬೇರಿಂಗ್ ಯಾವಾಗಲೂ ಬೆರಳುಗಳಿಗೆ ತಾಗಿಕೊಂಡು ಕ್ಲಚ್ ಅರ್ಧ ಒತ್ತಿದಂತೆಯೇ ಇರುತ್ತದೆ. ಪೆಡಲ್ ಪೂರ್ತಿ ಒತ್ತಿದಾಗ ಪ್ಲೇಟಿಗೆ ಸಿಗುವ ಒಟ್ಟು ಬಿಡುವು ಅರ್ಧದಿಂದ ಒಂದು ಮಿಲಿಮೀಟರ್. ಕಡಿಮೆಯಾದರೆ ರಿವರ್ಸ್ ಕರಕರ ಅನ್ನುತ್ತದೆ. ಹೆಚ್ಚಾದರೆ ಪ್ರೆಶರ್ ಪ್ಲೇಟಿನ ಬೆರಳುಗಳು ಅಳತೆ ಮೀರಿ ಬಾಗಿ ಹಾಳಾಗುತ್ತವೆ. ಅದಕ್ಕೇ ಪೆಡಲ್ ಕೆಳಗೆ ಒಂದು ಬೋಲ್ಟ್ ನಿಲ್ಲಿಸಿ ಅಡ್ಡಗಟ್ಟು ಮಾಡಿಕೊಳ್ಳಿ. ಬಿಗಿ ಕವರ್ ಹಾಕಿದ ಮೇಲೆ ಸಿಗ್ನಲ್‌ನಲ್ಲಿ ಪೆಡಲ್ ಒತ್ತಿಕೊಂಡು ಕೂರುವ ಚಟ ಬಿಡಿ. ಆ ಭಾರವೆಲ್ಲ ಕ್ರ್ಯಾಂಕಿನ ಥ್ರಸ್ಟ್ ಬೇರಿಂಗ್ ಮೇಲೆ ಬೀಳುತ್ತದೆ.

ಹಂತ 6: ಪಳಗಿಸಿ

ಹೊಸ ಫೇಸಿಂಗ್ ಫ್ಲೈವೀಲ್ ಮುಖಕ್ಕೆ ಹೊಂದಿಕೊಳ್ಳಬೇಕು. ಆರ್ಗ್ಯಾನಿಕ್‌ಗೆ 500ರಿಂದ 800 ಕಿಲೋಮೀಟರ್, ಕೆವ್ಲಾರ್‌ಗೆ ಅದರ ದುಪ್ಪಟ್ಟು ಇಟ್ಟುಕೊಳ್ಳಿ. ಈ ಕಿಲೋಮೀಟರ್‌ಗಳನ್ನು ಎಲ್ಲಿ ಓಡಿಸುತ್ತೀರಿ ಅನ್ನುವುದು ಕೊಡಗಿನವರಿಗೆ ಮುಖ್ಯ. ಮಾಕುಟ್ಟ ಘಾಟಿ ಇಳಿದು ಹತ್ತಿ ಪಳಗಿಸುತ್ತೇನೆ ಅಂದರೆ ಪ್ಲೇಟ್ ಬೇಯುತ್ತದೆ. ಏರಿನಲ್ಲಿ ನಿಲ್ಲಿಸಿ ಹೊರಡಿಸುವ ಪ್ರತಿ ಸಲವೂ ಬಿಸಿ. ಕುಶಾಲನಗರ ಇಳಿದು ಪಿರಿಯಾಪಟ್ಟಣ, ಹುಣಸೂರು ಕಡೆ ಹೋಗಿ. ಸಮತಟ್ಟು ರಸ್ತೆ, ನಡುನಡುವೆ ಊರು, ಗೇರ್ ಬದಲಿಸುವ ಕೆಲಸ ತಾನಾಗಿ ಸಿಗುತ್ತದೆ. ಮೆಲ್ಲನೆ ಹೊರಡಿ, ಮೆಲ್ಲನೆ ಬಿಡಿ. ಒಂದೇ ಸಮ ನೂರರಲ್ಲಿ ಓಡಿಸಿದ ಕಿಲೋಮೀಟರ್ ಲೆಕ್ಕಕ್ಕಿಲ್ಲ, ಕ್ಲಚ್ ಕೆಲಸ ಮಾಡುವುದು ಬಿಡುವಾಗ ಮಾತ್ರ.

ಹಂತ 7: ಲಾಂಚ್ ಹದ

ಇದನ್ನು ಎಲ್ಲಿ ಮಾಡಬೇಕು? ಸಾರ್ವಜನಿಕ ರಸ್ತೆಯಲ್ಲಂತೂ ಅಲ್ಲ. ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ರಸ್ತೆ ಮೇಲಿನ ರೇಸಿಗೆ ದಂಡ, ಜೈಲು ಎರಡನ್ನೂ ಹೇಳುತ್ತದೆ. ಅದಕ್ಕಿಂತ ಮುಖ್ಯ, ನಮ್ಮ ರಸ್ತೆಗಳಲ್ಲಿ ತಿರುವಿನಾಚೆ ಆನೆಯೂ ಇರಬಹುದು, ಶಾಲೆ ಮಕ್ಕಳೂ ಇರಬಹುದು. ಪೆಡಲ್ ಎಲ್ಲಿ ಕಚ್ಚುತ್ತದೆ ಎಂದು ಪಾದಕ್ಕೆ ಪಾಠ ಹೇಳಲು ಕಾಫಿ ಕಣ ಸಾಕು, ಕಾಫಿ ಹರಡಿಲ್ಲದ, ಜನರಿಲ್ಲದ ಹೊತ್ತಿನಲ್ಲಿ. ನಿಜವಾದ ಲಾಂಚ್ ಅನುಮತಿ ಪಡೆದ ಡ್ರ್ಯಾಗ್ ಕೂಟದಲ್ಲೇ.

ಬೇಕಾದ್ದು: ಎಂಜಿನ್ ಸುತ್ತು ದಾಖಲಿಸುವ ಲಾಗರ್, ಜಿಪಿಎಸ್ ವೇಗಮಾಪಕ, ಒಂದು ನೋಟ್‌ಪುಸ್ತಕ. ಟೂ-ಸ್ಟೆಪ್ ಇದ್ದರೆ ಒಳ್ಳೆಯದು. ಲೈನಿನಲ್ಲಿ ನಿಂತಾಗ ಎಂಜಿನ್ ಒಂದು ಗೊತ್ತಾದ ಸುತ್ತು ದಾಟದಂತೆ ತಡೆಯುವ ವ್ಯವಸ್ಥೆ ಅದು. ನೋಡಬೇಕಾದ ಅಂಕಿ 60 ಅಡಿ ಟೈಮ್, ಅಂದರೆ ಮೊದಲ 18.3 ಮೀಟರ್ ದಾಟಲು ಹಿಡಿದ ಸಮಯ. ಕ್ಲಚ್ಚಿನ ಮಾರ್ಕ್ಸ್ ಕಾರ್ಡ್ ಅದು. 402 ಮೀಟರಿನ ಪೂರ್ತಿ ಸಮಯ ನೋಡಿ ಕ್ಲಚ್ ಹದ ಮಾಡಬೇಡಿ, ಅದರಲ್ಲಿ ನೂರೆಂಟು ವಿಷಯ ಬೆರೆತಿರುತ್ತದೆ.

ಕಡಿಮೆ ಸುತ್ತಿನಿಂದ ಶುರು ಮಾಡಿ, 3000 ಅನ್ನಿ. ಓಟ ಆದ ಮೇಲೆ ಲಾಗ್ ತೆರೆದು ಎಂಜಿನ್ ಸುತ್ತಿನ ಗೆರೆ ನೋಡಿ. ಕಾಣುವುದು ಮೂರರಲ್ಲಿ ಒಂದು.

ಗೆರೆ ಬಾವಿಗೆ ಬಿದ್ದ ಹಾಗೆ ಪಟ್ಟನೆ ಕೆಳಗೆ ಹೋಗಿ, 2000ದ ಹತ್ತಿರ ಒದ್ದಾಡಿ, ಮೆಲ್ಲನೆ ಮೇಲೇರಿದರೆ ಎಂಜಿನ್ ಮುಗ್ಗರಿಸಿದೆ. ಕ್ಲಚ್ ಬೇಗ ಹಿಡಿದಿದೆ ಅಥವಾ ಸುತ್ತು ಸಾಲದು. 300ರಂತೆ ಏರಿಸುತ್ತಾ ಹೋಗಿ.

ಗೆರೆ ಇಳಿಯದೆ ಮೇಲಕ್ಕೆ ಹಾರಿದರೆ, ವೇಗ ಮಾತ್ರ ಹಿಂದೆ ಉಳಿದರೆ, ಟೈರ್ ತಿರುಗಿದೆ ಅಥವಾ ಕ್ಲಚ್ ಜಾರಿದೆ. ಎರಡನ್ನೂ ಬೇರೆ ಮಾಡುವುದು ಚಕ್ರದ ವೇಗ. ಬ್ರೇಕಿನ ಎಬಿಎಸ್ ಸೆನ್ಸರ್ ತೋರಿಸುವ ಮುಂದಿನ ಚಕ್ರದ ವೇಗ ಜಿಪಿಎಸ್ ವೇಗಕ್ಕಿಂತ ಹೆಚ್ಚಿದ್ದರೆ ಟೈರ್. ಎರಡೂ ಒಂದೇ ಇದ್ದು ಎಂಜಿನ್ ಮಾತ್ರ ಓಡುತ್ತಿದ್ದರೆ ಕ್ಲಚ್. ಟೈರ್ ತಿರುಗುತ್ತಿದ್ದರೆ ಸುತ್ತು ಇಳಿಸಿ, ಪೆಡಲ್ ಇನ್ನಷ್ಟು ನಿಧಾನ ಬಿಡಿ.

ಗೆರೆ ಇಳಿಜಾರಿನಂತೆ ಮೆಲ್ಲನೆ ಇಳಿದು, ಟಾರ್ಕ್ ಚೆನ್ನಾಗಿರುವ ಸುತ್ತಿನಲ್ಲಿ ಚಕ್ರದ ಗೆರೆಗೆ ಬಂದು ಸೇರಿ, ಅಲ್ಲಿಂದ ಎರಡೂ ಜೊತೆಯಾಗಿ ಏರಿದರೆ ಹದ ಬಂದಿದೆ. ಅರ್ಧದಿಂದ ಮುಕ್ಕಾಲು ಸೆಕೆಂಡಿನೊಳಗೆ ಸೇರಿದರೆ ರಸ್ತೆ ಗಾಡಿಗೆ ಚೆನ್ನಾಯಿತು.

ಒಂದು ಓಟಕ್ಕೆ ಒಂದೇ ಬದಲಾವಣೆ. ಸುತ್ತು, ಟೈರ್ ಗಾಳಿ, ಪೆಡಲ್ ಮೂರನ್ನೂ ಒಟ್ಟಿಗೆ ಬದಲಿಸಿ 'ಸರಿಯಾಯ್ತು' ಅಂದರೆ ಯಾವುದರಿಂದ ಸರಿಯಾಯಿತು ಎಂದು ದೇವರಿಗೇ ಗೊತ್ತು.

ಪೆಡಲ್ ಬಿಡುವ ಕ್ರಮ: ಕಚ್ಚುವ ಜಾಗದ ತನಕ ಪಟ್ಟನೆ, ಅಲ್ಲಿಂದ ಮೇಲೆ ಅಳೆದು. ಪಾದ ಪ್ರತಿ ಸಲ ಒಂದೇ ರೀತಿ ಮಾಡುವುದಿಲ್ಲ. ಅದಕ್ಕೇ ಕೆಲವರು ಹೈಡ್ರಾಲಿಕ್ ಪೈಪಿನಲ್ಲಿ ಸಣ್ಣ ತೂತಿನ ಅಡ್ಡಕಟ್ಟು ಹಾಕಿ ದ್ರವ ನಿಧಾನ ಹಿಂದಿರುಗುವಂತೆ ಮಾಡುತ್ತಾರೆ. ಲಾಂಚಿಗೆ ಚೆಂದ, ಆದರೆ ಅದು ಎರಡನೇ, ಮೂರನೇ ಗೇರಿಗೆ ಹಾಕುವಾಗಲೂ ನಿಧಾನ ಮಾಡಿ ಕ್ಲಚ್ ಸುಡುತ್ತದೆ. ಪೆಡಲಿನ ಕೊನೆಯ ಭಾಗದಲ್ಲಿ ಮಾತ್ರ ತಡೆಯುವ, ತಿರುಗಿಸಿ ಹೊಂದಿಸಬಹುದಾದ ಡ್ಯಾಂಪರ್ ಅದಕ್ಕಿಂತ ಮೇಲು.

ಪೂರ್ತಿ ರೇಸ್ ಗಾಡಿಗಳ ಹೊಂದಿಸುವ ಕವರ್‌ನಲ್ಲಿ ಎರಡು ಸಂಗತಿ ಇರುತ್ತವೆ: ನಿಂತಾಗಲೂ ಇರುವ ಸ್ಪ್ರಿಂಗ್ ಒತ್ತಡ, ತಿರುಗಿದಂತೆ ಹೊರಕ್ಕೆ ಎಳೆದು ಒತ್ತಡ ಕೂಡಿಸುವ ಸಣ್ಣ ತೂಕಗಳು. ಲೈನ್ ಬಿಡುವ ಹದ ಸ್ಪ್ರಿಂಗಿನದು, ಮೇಲಿನ ಸುತ್ತಿನ ಬಿಗಿ ತೂಕದ್ದು. ತೂಕದ ಪರಿಣಾಮ 3000ದಿಂದ 6000ಕ್ಕೆ ನಾಲ್ಕು ಪಟ್ಟಾಗುತ್ತದೆ. ಆದ್ದರಿಂದ ತೂಕ ಸೇರಿಸುವಾಗ ಗ್ರಾಂ ಲೆಕ್ಕದಲ್ಲೇ ಸೇರಿಸಿ, ಎಲ್ಲಾ ಕಡೆ ಸಮವಾಗಿ.

ಕೊಡಗಿನವರು ಮರೆಯುವ ವಿಷಯ ಇನ್ನೊಂದಿದೆ, ಎತ್ತರ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1150 ಮೀಟರ್ ಮೇಲಿದೆ, ಗಾಳಿ ನೂರಕ್ಕೆ ಹತ್ತರಷ್ಟು ತೆಳು. ಟರ್ಬೊ ಇಲ್ಲದ ಎಂಜಿನ್ ಇಲ್ಲಿ ಅಷ್ಟೇ ಬಲ ಕಡಿಮೆ ಕೊಡುತ್ತದೆ. ಇಲ್ಲಿ ಹದ ಮಾಡಿದ ಗಾಡಿಯನ್ನು ಚೆನ್ನೈ ಹತ್ತಿರದ ಟ್ರ್ಯಾಕಿಗೆ ಒಯ್ದರೆ ಎಂಜಿನ್ ಮೈತುಂಬಿಕೊಳ್ಳುತ್ತದೆ, ಇಲ್ಲಿ ಸರಿಯಿದ್ದ ಸುತ್ತಿಗೆ ಅಲ್ಲಿ ಟೈರ್ ತಿರುಗುತ್ತದೆ. ಹಂತ 1ರ ಮೇಲ್ಮಿತಿ ಲೆಕ್ಕ ಹಾಕುವಾಗ ಸಮುದ್ರಮಟ್ಟದ ಟಾರ್ಕನ್ನೇ ಹಿಡಿಯಿರಿ, ಅಲ್ಲಿಗೆ ಹೋದ ಮೇಲೆ ಮೊದಲ ಓಟಕ್ಕೆ 300–400 ಸುತ್ತು ಇಳಿಸಿಯೇ ಶುರು ಮಾಡಿ.

ಹಂತ 8: ಬಿಸಿ

1100 ಕೆಜಿ ಗಾಡಿ ಗಂಟೆಗೆ 40 ಕಿಲೋಮೀಟರ್ ಮುಟ್ಟುವ ತನಕ ಕ್ಲಚ್ ಜಾರಿದರೆ ಅದರೊಳಗೆ ಕರಗುವ ಶಕ್ತಿ ಸುಮಾರು 68 ಕಿಲೋಜೂಲ್. ಫ್ಲೈವೀಲ್, ಪ್ರೆಶರ್ ಪ್ಲೇಟ್ ಸೇರಿ 10 ಕೆಜಿ ಕಬ್ಬಿಣ ಇದ್ದರೆ ಒಟ್ಟಾರೆ 15 ಡಿಗ್ರಿ ಏರಿಕೆ. ಇಷ್ಟೇನಾ ಅನ್ನಬೇಡಿ. ಉಜ್ಜುವ ಮುಖ ಅದಕ್ಕಿಂತ ಬಹಳ ಹೆಚ್ಚು ಬೇಯುತ್ತದೆ, ಮತ್ತು ಬಿಡುವಿಲ್ಲದೆ ಹತ್ತು ಲಾಂಚ್ ಮಾಡಿದರೆ ಒಳಗೆಲ್ಲ 150 ಡಿಗ್ರಿ ಸೇರಿಕೊಳ್ಳುತ್ತದೆ. ಗೂಡಿನೊಳಗೆ ಗಾಳಿಯಾಡುವುದಿಲ್ಲ. ಎರಡು ಓಟದ ನಡುವೆ ಕಾಲು ಗಂಟೆಯಾದರೂ ಬಿಡಿ, ಕ್ಯೂನಲ್ಲಿ ಗಾಡಿಯನ್ನು ಕ್ಲಚ್ ಜಾರಿಸಿ ಮುಂದೆ ಸರಿಸುವ ಬದಲು ತಳ್ಳಿಸಿಕೊಳ್ಳಿ. ಜೊತೆಗೆ ಬಂದ ಗೆಳೆಯರು ಮತ್ತೇಕೆ ಇರುವುದು!

ವಾಸನೆ ಬಂದರೆ ಆ ದಿನಕ್ಕೆ ನಿಲ್ಲಿಸಿ. ಮುಂದಿನ ಸಲ ಬಿಚ್ಚಿದಾಗ ಫ್ಲೈವೀಲ್ ಮೇಲೆ ನೀಲಿ ಕಲೆಗಳಿದ್ದರೆ ಅಲ್ಲಿ ಕಬ್ಬಿಣ ಬೆಂದು ಗಟ್ಟಿಯಾಗಿದೆ. ಮೇಲೆ ಮೇಲೆ ಉಜ್ಜಿದರೆ ಹೋಗುವುದಿಲ್ಲ, ಹೊರಡುವಾಗ ಗಾಡಿ ನಡುಗುತ್ತದೆ. ಕೂದಲೆಳೆಯಂಥ ಬಿರುಕು ಕಂಡರೆ ಆ ಫ್ಲೈವೀಲ್ ಗುಜರಿಗೆ.

ಹಂತ 9: ಮಳೆಗಾಲ

ಇದು ಬಯಲುಸೀಮೆಯವರ ಮಾರ್ಗದರ್ಶಿಗಳಲ್ಲಿ ಸಿಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಡ್ರ್ಯಾಗ್ ಗಾಡಿ ಶೆಡ್‌ನಲ್ಲಿ ನಿಲ್ಲುತ್ತದೆ, ನಮ್ಮ ತೇವಕ್ಕೆ ಫ್ಲೈವೀಲ್ ಮುಖ ತುಕ್ಕು ಹಿಡಿಯುತ್ತದೆ, ಪ್ಲೇಟ್ ಅದಕ್ಕೆ ಅಂಟಿಕೊಂಡುಬಿಡುತ್ತದೆ. ಅಕ್ಟೋಬರ್‌ನಲ್ಲಿ ಪೆಡಲ್ ಒತ್ತಿದರೆ ಎಂದಿನಂತೆಯೇ ಇರುತ್ತದೆ, ಗೇರ್ ಮಾತ್ರ ಬೀಳುವುದಿಲ್ಲ.

ಕೇಬಲ್ ಕ್ಲಚ್ ಇದ್ದರೆ ಪೆಡಲ್ ಒತ್ತಿ ಸೀಟಿಗೆ ಒಂದು ಮರದ ತುಂಡು ಆನಿಸಿಡಿ, ಟ್ರ್ಯಾಕ್ಟರ್‌ಗೆ ಮಾಡುವಂತೆ. ಹೈಡ್ರಾಲಿಕ್ ಇದ್ದರೆ ತಿಂಗಳುಗಟ್ಟಲೆ ಹಾಗೆ ಇಟ್ಟರೆ ಸೀಲ್‌ಗಳಿಗೆ ಒಳ್ಳೆಯದಲ್ಲ. ಅದರ ಬದಲು ವಾರಕ್ಕೊಮ್ಮೆ ಎಂಜಿನ್ ಬಿಸಿ ಮಾಡಿ ಶೆಡ್‌ನಲ್ಲೇ ನಾಲ್ಕು ಸಲ ಹಿಂದೆ ಮುಂದೆ ಮಾಡಿ. ಕ್ಲಚ್ ದ್ರವ ತೇವ ಹೀರುತ್ತದೆ, ಮಳೆ ಮುಗಿದ ಮೇಲೆ ವರ್ಷಕ್ಕೊಮ್ಮೆ ಬದಲಿಸಿ.

ಅಂಟಿಕೊಂಡೇ ಹೋಗಿದ್ದರೆ ಖಾಲಿ ಕಣಕ್ಕೆ ತಳ್ಳಿಕೊಂಡು ಹೋಗಿ, ಮುಂದೆ ಬೇಕಾದಷ್ಟು ಜಾಗ ಇರಲಿ. ಮೊದಲು ನ್ಯೂಟ್ರಲ್‌ನಲ್ಲಿ ಎಂಜಿನ್ ಬಿಸಿ ಮಾಡಿ ಆರಿಸಿ. ಎರಡನೇ ಗೇರ್ ಹಾಕಿ, ಪೆಡಲ್ ಪೂರ್ತಿ ಒತ್ತಿಕೊಂಡೇ ಸ್ಟಾರ್ಟ್ ಮಾಡಿ. ಗಾಡಿ ಹೊರಟೇಬಿಡುತ್ತದೆ. ಪೆಡಲ್ ಬಿಡದೆ ಆಕ್ಸಿಲರೇಟರ್ ಒತ್ತಿ ಬಿಡುತ್ತಾ, ನಡುವೆ ಬ್ರೇಕ್ ಸ್ವಲ್ಪ ಸ್ವಲ್ಪ ಮುಟ್ಟಿ. ಟಪ್ ಅಂತ ಸದ್ದಾಗಿ ಎಂಜಿನ್ ಹಗುರಾದರೆ ಬಿಟ್ಟುಕೊಂಡಿದೆ. ಒಂದು ಕೈ ಕೀ ಮೇಲೇ ಇರಲಿ, ನಿಲ್ಲದಿದ್ದರೆ ಆರಿಸಿಬಿಡಬೇಕು. ನಾಲ್ಕೈದು ಸಲಕ್ಕೂ ಬಿಡದಿದ್ದರೆ ಹಟ ಮಾಡಬೇಡಿ, ಗೇರ್‌ಬಾಕ್ಸ್ ಇಳಿಸಿ. ಹೇಗಿದ್ದರೂ ಸೀಲ್ ನೋಡಬೇಕಿತ್ತಲ್ಲ.